ಮೆರವಣಿಗೆ ಕಾರಿನ ಬೆಲೆ

"ಗುರುಗಳೇ, ಹಳೇ ವಸ್ತುವಿಗೆ ನ್ಯಾಯವಾದ ಬೆಲೆ ಕಟ್ಟೋದು ಹೇಗೆ?" ಎಂದು ಮರುಳಸಿದ್ಧ ಕೇಳಿದ.

ಮರುಳಸಿದ್ಧ ಹಳೆಯ ಕಾರುಗಳನ್ನು ಕೊಂಡು ಮಾರುವವನು. ಸೋಮವಾರ ಸೋಮವಾರ ಮಠಕ್ಕೆ ಬರುತ್ತಿದ್ದ. ಬಂದಾಗಲೆಲ್ಲ ಆತ್ಮ, ಮೋಕ್ಷ ಎಂದು ಕೇಳುತ್ತಿದ್ದವನು ಅಂದು ಬೆಲೆಯ ಮಾತೆತ್ತಿದ್ದನ್ನು ಕಂಡು ಗುರುಗಳಿಗೆ ಖುಷಿಯಾಯಿತು. ಮೋಕ್ಷದ ವಿಷಯ ಕೇಳುವವರಿಗೆ ಉತ್ತರದ ಅವಸರ ಇರುವುದಿಲ್ಲ ಎಂಬುದು ಅವರ ಅನುಭವ.

"ಯಾವ ವಸ್ತು?" ಎಂದರು.

"ಒಂದು ಸ್ಪೋರ್ಟ್ಸ್ ಕಾರು ಬಂದಿದೆ. ಎರಡೇ ಸೀಟು. ಗುಂಡಿ ಒತ್ತಿದ್ರೆ ಚಾವಣಿ ಮಡಚ್ಕೊಂಡು ಹಿಂದಕ್ಕೆ ಹೋಗುತ್ತೆ. ಅಂಥದ್ದು ನಮ್ಮ ಕಡೆ ಹತ್ತು ವರ್ಷಕ್ಕೆ ಒಂದು ಬಂದ್ರೆ ಹೆಚ್ಚು. ಹೋಲಿಸಿ ನೋಡೋಣ ಅಂದ್ರೆ ಇನ್ನೊಂದಿಲ್ಲ. ಮೀಟರ್ ನೋಡಿದೆ, ಕಡಿಮೆ ಓಡಿದೆ. ಬಣ್ಣ ಚೆನ್ನಾಗಿದೆ. ಆದ್ರೂ ಇಷ್ಟು ಅಂತ ಹೇಳೋಕೆ ಬಾಯಿ ಬರ್ತಿಲ್ಲ."

ಗುರುಗಳು ಸನ್ಯಾಸಕ್ಕೆ ಮೊದಲು ಹನ್ನೊಂದು ವರ್ಷ ಗ್ಯಾರೇಜಿನಲ್ಲಿ ದುಡಿದವರು. ಕಾವಿ ಉಟ್ಟ ಮೇಲೂ ಮಠದ ಜೀಪಿನ ಸದ್ದು ಕೇಳಿ ಯಾವ ಬೋಲ್ಟು ಸಡಿಲವಾಗಿದೆ ಎಂದು ಕೂತಲ್ಲಿಂದಲೇ ಹೇಳುತ್ತಿದ್ದರು. ಅವರು ಮರುಳಸಿದ್ಧನಿಗೆ ಚಾಪೆ ತೋರಿಸಿ, ಕೂರಿಸಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಮದುವೆ ಮೆರವಣಿಗೆ ನಡೆಸುವ ಒಬ್ಬ ಮಾಲೀಕನಿದ್ದ. ಬ್ಯಾಂಡು ಅವನದು. ದೀಪದ ಕಂಬಗಳು, ಬಣ್ಣದ ಕೊಡೆಗಳು ಅವನವು. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಕೆಂಪು ಕಾರು ಅವನದು. ನೀನು ಹೇಳಿದೆಯಲ್ಲ, ಅಂಥದ್ದೇ. ಚಾವಣಿ ಮಡಚುವ ಸ್ಪೋರ್ಟ್ಸ್ ಕಾರು. ಗಂಟೆಗೆ ಇನ್ನೂರು ಕಿಲೋಮೀಟರು ಓಡಲೆಂದು ಯಾವುದೋ ದೇಶದಲ್ಲಿ ಹುಟ್ಟಿದ್ದು. ನಮ್ಮವರ ಕೈಗೆ ಸಿಕ್ಕಿ, ಬ್ಯಾಂಡಿನವರ ಹಿಂದೆ ಹೆಜ್ಜೆ ಹೆಜ್ಜೆಗೆ ನಡೆಯುವುದನ್ನು ಕಲಿಯಿತು. ನಗಬೇಡ. ನಿನ್ನ ಮದುವೆಯಲ್ಲಿ ನೀನೂ ಅಂಥದ್ದರ ಮೇಲೆಯೇ ಕೂತಿದ್ದೆ. ಪೇಟ ಕಣ್ಣಿನ ಮೇಲೆ ಇಳಿದಿತ್ತು. ನಾನು ನೋಡಿದ್ದೇನೆ.

ಆ ಕಾರಿನ ಚಾವಣಿಯನ್ನು ಮಡಚಿ, ಅದರ ಮೇಲೆ ಒಂದು ಹಲಗೆ ಇಟ್ಟು, ಹಲಗೆಯ ಮೇಲೆ ಜರಿಯ ಗಾದಿ ಹಾಸುತ್ತಿದ್ದರು. ಮದುಮಗ ಅದರ ಮೇಲೆ ಕೂರುತ್ತಿದ್ದ. ಆಂಜನೇಯನ ಗುಡಿಯಿಂದ ಕಲ್ಯಾಣ ಮಂಟಪಕ್ಕೆ ಒಂದೂವರೆ ಕಿಲೋಮೀಟರು. ಆ ಒಂದೂವರೆ ಕಿಲೋಮೀಟರಿಗೆ ಮೂರು ಗಂಟೆ. ಮುಂದೆ ಮದುಮಗನ ಗೆಳೆಯರು ಕುಣಿಯುತ್ತಾರೆ. ಅವರು ದಣಿದರೆ ಸೋದರಮಾವಂದಿರು ಕುಣಿಯುತ್ತಾರೆ. ಸೋದರಮಾವಂದಿರಿಗೆ ದಣಿವು ಎಂಬುದೇ ಇಲ್ಲ.

ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಗುಡಿಯ ಮುಂದೆ ಕಾಯಿ ಒಡೆದು ಹೊರಟ ಮೇಲೆ ಮಂಟಪ ಮುಟ್ಟುವ ತನಕ ಕಾರಿನ ಎಂಜಿನ್ ನಿಲ್ಲಬಾರದು. ದಾರಿಯಲ್ಲಿ ಎಂಜಿನ್ ನಿಂತರೆ ಆ ಸಂಸಾರವೂ ನಡುದಾರಿಯಲ್ಲಿ ನಿಲ್ಲುತ್ತದೆ ಎಂದು ನಂಬಿಕೆ. ಹೆಣ್ಣಿನ ಕಡೆಯ ಹಿರಿಯರು ಕಾರಿನ ಪಕ್ಕದಲ್ಲೇ ಕಿವಿ ಕೊಟ್ಟುಕೊಂಡು ನಡೆಯುತ್ತಿದ್ದರು. ಅದನ್ನು ಸರಿ ಎನ್ನುವುದೂ ಬೇಡ, ತಪ್ಪು ಎನ್ನುವುದೂ ಬೇಡ. ನಮ್ಮ ಮಠದಲ್ಲಿ ಅದಕ್ಕಿಂತ ಹುಚ್ಚು ನಂಬಿಕೆಗಳು ನಾಲ್ಕಿವೆ.

ಈ ಕಾರಿಗೆ ಒಬ್ಬನೇ ಚಾಲಕ. ಹದಿನಾಲ್ಕು ವರ್ಷ ಅವನೇ. ಅವನ ಕೆಲಸ ಏನು ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಕ್ಲಚ್ ಪೂರ್ತಿ ಬಿಟ್ಟರೆ ಕಾರು ನುಗ್ಗುತ್ತದೆ, ಡ್ರಮ್ಮಿನವನ ಬೆನ್ನಿಗೆ ಗುದ್ದುತ್ತದೆ. ಪೂರ್ತಿ ಒತ್ತಿದರೆ ನಿಂತುಬಿಡುತ್ತದೆ, ಹಿಂದಿನವರು ಬಯ್ಯುತ್ತಾರೆ. ಹಾಗಾಗಿ ಎರಡರ ನಡುವೆ, ಅರ್ಧಕ್ಕೆ, ಎಡಗಾಲಿನಲ್ಲಿ ಹಿಡಿದಿರಬೇಕು. ನ್ಯೂಟ್ರಲ್ಲಿಗೆ ಹಾಕಿ ಕಾಲು ಚಾಚೋಣ ಎಂದರೆ, ಕುಣಿಯುವವರು ಯಾವಾಗ ಎರಡು ಹೆಜ್ಜೆ ಸರಿಯುತ್ತಾರೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಅವಸರದಲ್ಲಿ ಗೇರು ಹಾಕಿದರೆ ಕಾರು ಜಗ್ಗುತ್ತದೆ. ಎತ್ತರದಲ್ಲಿ ಕೂತ ಮದುಮಗ ಮುಗ್ಗರಿಸುತ್ತಾನೆ. ಹದಿನಾಲ್ಕು ವರ್ಷದಲ್ಲಿ ಒಬ್ಬ ಮದುಮಗನೂ ಮುಗ್ಗರಿಸಲಿಲ್ಲ. ಒಮ್ಮೆಯೂ ಎಂಜಿನ್ ನಿಲ್ಲಲಿಲ್ಲ. ಇದನ್ನು ಯಾರೂ ಗಮನಿಸಲಿಲ್ಲ. ಸರಿಯಾಗಿ ನಡೆದ ಕೆಲಸವನ್ನು ಯಾರು ತಾನೇ ಗಮನಿಸುತ್ತಾರೆ?

ಹದಿಮೂರನೆಯ ವರ್ಷ ಚಾಲಕನ ಎಡ ಮಂಡಿ ನೋಯತೊಡಗಿತು. ಹದಿನಾಲ್ಕನೆಯ ವರ್ಷ ಮಡಚಿದರೆ ಬಿಡಿಸಲಾಗದು, ಬಿಡಿಸಿದರೆ ಮಡಚಲಾಗದು ಎಂಬಂತಾಯಿತು. ಡಾಕ್ಟರು ನೋಡಿ, ಮಂಡಿಯೊಳಗಿನ ಮೆತ್ತೆ ಸವೆದಿದೆ, ಆಪರೇಷನ್ ಆಗಬೇಕು, ಒಂದು ಲಕ್ಷ ಇಪ್ಪತ್ತು ಸಾವಿರ ಆಗುತ್ತದೆ ಎಂದರು. ಒಂದು ಶಾಲೆಯವರು ಜೂನ್ ತಿಂಗಳಿಂದ ಮಕ್ಕಳ ವ್ಯಾನು ಓಡಿಸುವ ಕೆಲಸ ಕೊಡುತ್ತೇವೆ ಎಂದಿದ್ದರು. ಕಾಲು ನೆಟ್ಟಗಾದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ, ಓದುತ್ತಿರುವ ಇಬ್ಬರು ಹೆಣ್ಣುಮಕ್ಕಳು.

ಅವನು ಮಾಲೀಕನ ಹತ್ತಿರ ಹೋಗಿ ಹೇಳಿಕೊಂಡ. ಮಾಲೀಕ ಅವನನ್ನು ಕಾರಿನ ಹತ್ತಿರ ಕರೆದುಕೊಂಡು ಹೋಗಿ ಮೀಟರ್ ತೋರಿಸಿದ.

"ನೋಡು. ಹದಿನಾಲ್ಕು ವರ್ಷಕ್ಕೆ ಒಂಬತ್ತು ಸಾವಿರದ ನಾನೂರು. ಲಾರಿಯವ್ರು ಇಷ್ಟನ್ನ ಒಂದು ತಿಂಗಳಲ್ಲಿ ಓಡಿಸ್ತಾರೆ. ಇದ್ರಲ್ಲಿ ಕಾಲು ಎಲ್ಲಿ ಸವೀತು? ವಯಸ್ಸಾಯ್ತು ಕಣಯ್ಯ, ಅಷ್ಟೆ."

ಚಾಲಕ ಮೀಟರನ್ನು ನೋಡಿದ. ಅಂಕಿ ಸುಳ್ಳು ಹೇಳುತ್ತಿರಲಿಲ್ಲ. ಕುಂಟಿಕೊಂಡು ಮನೆಗೆ ಹೋದ.

ಮಾಲೀಕ ಕೆಟ್ಟವನೆಂದು ತಿಳಿಯಬೇಡ. ನನಗೆ ಅವನ ಮೇಲೆ ಒಂದಿಷ್ಟೂ ಸಿಟ್ಟಿಲ್ಲ. ಅವನು ಯಾವ ಹಬ್ಬದಲ್ಲೂ ಚಾಲಕನ ಮನೆಗೆ ಬಟ್ಟೆ ಕಳಿಸದೆ ಇದ್ದವನಲ್ಲ. ಚಾಲಕನ ದೊಡ್ಡ ಮಗಳಿಗೆ ಕಾಲೇಜಿನ ಸೀಟು ಕೊಡಿಸಲು ತಾನೇ ಓಡಾಡಿದ್ದ. ಅವನಿಗೆ ಇದ್ದ ದೋಷ ಒಂದೇ. ಆ ಕಾರನ್ನು ಅವನು ಒಂದು ದಿನವೂ ಓಡಿಸಿರಲಿಲ್ಲ. ಅವನ ಜಾಗ ಮೆರವಣಿಗೆಯ ಮುಂದೆ, ಸೀಟಿ ಊದಿಕೊಂಡು. ಹದಿನಾಲ್ಕು ವರ್ಷ ಕಾರು ಅವನ ಬೆನ್ನ ಹಿಂದೆಯೇ ಇತ್ತು.

ಈಗಿನ ಮದುಮಕ್ಕಳಿಗೆ ಕಾರು ಬೇಡವಂತೆ, ಕುದುರೆ ಸಾರೋಟು ಬೇಕಂತೆ. ಮಾಲೀಕ ಕಾರನ್ನು ಮಾರಿ ಸಾರೋಟು ತರುವ ಯೋಚನೆ ಮಾಡಿದ. ಅಂಥ ಕಾರು ಕಡಿಮೆ ಓಡಿದ್ದು ಸಿಕ್ಕರೆ ಹನ್ನೆರಡು ಲಕ್ಷಕ್ಕೆ ಮೋಸವಿಲ್ಲ ಎಂದು ಅವನ ಲೆಕ್ಕ. ಚಾಲಕನನ್ನು ಕರೆದು ಹೇಳಿದ, "ಮಾರಿದ ದುಡ್ಡಲ್ಲಿ ಹತ್ತರಲ್ಲೊಂದು ಪಾಲು ನಿಂದು. ಹನ್ನೆರಡು ಬಂದ್ರೆ ನಿನ್ನ ಕಾಲಿನ ಖರ್ಚು ಸರಿಯಾಗಿ ಅದ್ರಲ್ಲೇ ಬರುತ್ತೆ." ಚಾಲಕನ ಕಣ್ಣಲ್ಲಿ ನೀರು ಬಂತು. ಅಂದಿನಿಂದ ಆ ಕಾರಿಗೆ ಒಳ್ಳೆಯ ಬೆಲೆ ಬರಲಿ ಎಂದು ಮಾಲೀಕನಿಗಿಂತ ಹೆಚ್ಚಾಗಿ ಅವನೇ ದೇವರನ್ನು ಬೇಡಿಕೊಂಡ. ಕಾರನ್ನು ದಿನಾ ಒರೆಸಿದ. ಚಕ್ರದ ಕಡ್ಡಿಗಳ ಸಂದಿಯ ಮಣ್ಣನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆದ.

ಕೊಳ್ಳಲು ಬಂದವನು ಅದೇ ಊರಿನ ಹಲ್ಲಿನ ಡಾಕ್ಟರು. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಾವಣಿ ತೆರೆದು, ಘಟ್ಟ ಇಳಿದು ಸಮುದ್ರದ ತನಕ ಹೋಗಬೇಕೆಂಬ ಆಸೆ ಅವನಿಗೆ. ಒಳ್ಳೆಯ ಆಸೆ. ಅವನಿಗೆ ಹಲ್ಲು ಗೊತ್ತು, ಕಾರು ಗೊತ್ತಿಲ್ಲ. ಅದಕ್ಕಾಗಿ ಹಳೆಯ ವಾಹನಗಳಿಗೆ ಬೆಲೆ ಕಟ್ಟುವುದನ್ನೇ ಕಸುಬು ಮಾಡಿಕೊಂಡ ಒಬ್ಬನನ್ನು ಕಳಿಸಿದ. ಅವನನ್ನು ಬೆಲೆಗಾರ ಎನ್ನೋಣ.

ಬೆಲೆಗಾರ ಬೆಳಗ್ಗೆ ಹತ್ತಕ್ಕೆ ಬಂದ. ಮಾಲೀಕ ಅವನಿಗೆ ಕಾಫಿ ಕೊಟ್ಟು, ಶೆಡ್ಡಿಗೆ ಕರೆದುಕೊಂಡು ಹೋಗಿ, ಮೀಟರ್ ತೋರಿಸಲು ಬಾಗಿಲು ತೆಗೆಯಹೋದ. ಬೆಲೆಗಾರ ಬೇಡವೆಂದ. ಬಾನೆಟ್ಟು ಎತ್ತಿಸಲಿಲ್ಲ. ಟೈರು ಮುಟ್ಟಲಿಲ್ಲ. "ದಿನಾ ಓಡಿಸೋರು ಯಾರೋ ಅವ್ರೇ ಕಾರನ್ನ ಈಚೆ ತಂದು ನಿಲ್ಲಿಸಲಿ" ಎಂದು ಅಂಗಳದಲ್ಲಿ ನಿಂತುಕೊಂಡ. ಅದು ಅವನ ಪದ್ಧತಿ. ಮಿಕ್ಕವರು ಕಾರಿನಿಂದ ಶುರು ಮಾಡುತ್ತಾರೆ, ಅವನು ಕಾರಿನಿಂದ ಇಳಿಯುವವನಿಂದ ಶುರು ಮಾಡುತ್ತಿದ್ದ.

ಚಾಲಕ ಕಾರನ್ನು ತಂದ. ಕೂದಲೆಳೆಯಷ್ಟೂ ಜಗ್ಗದೆ ನಿಲ್ಲಿಸಿದ. ಬಾಗಿಲು ತೆಗೆದ. ಬಲಗಾಲನ್ನು ನೆಲಕ್ಕೆ ಇಟ್ಟ. ಆಮೇಲೆ ಎರಡೂ ಕೈಗಳನ್ನು ಎಡ ತೊಡೆಯ ಕೆಳಗೆ ಕೊಟ್ಟು, ಆ ಕಾಲನ್ನು ಎತ್ತಿ ಹೊರಗೆ ಇಳಿಸಿದ. ಅದೊಂದು ಮೂಟೆ ಎಂಬಂತೆ ಇಳಿಸಿದ. ಬಾಗಿಲು ಹಿಡಿದು ಎದ್ದು ನಿಂತ.

ಬೆಲೆಗಾರ ಅವನ ಹತ್ತಿರ ಬಂದು ಕೇಳಿದ, "ಎಡಗಾಲಿಗೆ ಏನಾಯ್ತು?"

ಇಲ್ಲಿ ಗುರುಗಳು ಕತೆ ನಿಲ್ಲಿಸಿ ಮರುಳಸಿದ್ಧನನ್ನು ನೋಡಿದರು. "ನೀನಾಗಿದ್ರೆ ಏನಂತಿದ್ದೆ?"

ಮರುಳಸಿದ್ಧ ಯೋಚಿಸಿದ. "ಬಚ್ಚಲಲ್ಲಿ ಜಾರಿ ಬಿದ್ದೆ ಅಂತಿದ್ದೆ" ಎಂದ.

"ನಾನೂ ಅದನ್ನೇ ಅಂತಿದ್ದೆ" ಎಂದು ಗುರುಗಳು ಮುಂದುವರಿಸಿದರು.

ಚಾಲಕನ ಬಾಯಿಗೂ ಅಂಥದ್ದೇ ಬಂದಿತ್ತು. ಆ ಒಂದು ಮಾತಿಗೆ ಯಾರೂ ಅವನನ್ನು ಹಿಡಿಯುತ್ತಿರಲಿಲ್ಲ. ಮಾಲೀಕನಿಗೆ ಹನ್ನೆರಡು ಬರುತ್ತಿತ್ತು, ತನಗೆ ಕಾಲು ಬರುತ್ತಿತ್ತು. ಆದರೆ ಅವನಿಗೆ ಆ ಕಾರಿನ ಕ್ಲಚ್ಚು ಎಷ್ಟು ಸೋತಿದೆ ಎಂದು ಗೊತ್ತಿತ್ತು. ಕಾಲಿನ ಕೆಳಗೆ ಅದು ದಿನದಿನಕ್ಕೆ ಸೋಲುತ್ತಿರುವುದನ್ನು ಅವನೊಬ್ಬನೇ ಬಲ್ಲ. ಹಲ್ಲಿನ ಡಾಕ್ಟರು ಘಟ್ಟ ಇಳಿಯುತ್ತಾನೆ ಎಂದು ಕೇಳಿದ್ದ. ಇಳಿದವನು ಮತ್ತೆ ಹತ್ತಬೇಕು. ಹತ್ತುವಾಗ, ತಿರುವಿನಲ್ಲಿ, ಹಿಂದೆ ಲಾರಿ ಇರುವಾಗ ಕ್ಲಚ್ಚು ಹಿಡಿಯದೆ ಕಾರು ಹಿಂದಕ್ಕೆ ಜಾರಿದರೆ? ಪಕ್ಕದಲ್ಲಿ ಹೆಂಡತಿ ಕೂತಿರುತ್ತಾಳೆ. ಅವನ ಮನಸ್ಸು ಅಲ್ಲಿಗೆ ಹೋಯಿತು, ಮತ್ತೆ ಹಿಂದಕ್ಕೆ ಬರಲಿಲ್ಲ. ಎಷ್ಟೋ ಮದುವೆ ಮಾಡಿಸಿದವನು, ಒಂದು ಸಂಸಾರವನ್ನು ಕಣ್ಣಾರೆ ಹೇಗೆ ಜಾರಲು ಬಿಟ್ಟಾನು?

"ಕ್ಲಚ್ ಹಿಡಿದು ಹಿಡಿದು ಹಿಂಗಾಗಿದೆ ಸ್ವಾಮಿ" ಎಂದ. "ಮೆರವಣಿಗೆ ಕಾರು ಇದು. ಅರ್ಧಕ್ಕೆ ಹಿಡ್ಕೊಂಡೇ ಇರ್ಬೇಕು. ಎಂಜಿನ್ ಆಫ್ ಮಾಡೋ ಹಾಗಿಲ್ಲ."

"ಒಂದು ಮದುವೆಗೆ ಎಷ್ಟು ಹೊತ್ತು?"

"ಮೂರು ಗಂಟೆ ಅಂತ ಇಟ್ಕೊಳ್ಳಿ."

"ವರ್ಷಕ್ಕೆ ಎಷ್ಟು ಮದುವೆ?"

"ಎಪ್ಪತ್ತು. ಒಳ್ಳೆ ಮುಹೂರ್ತ ಇದ್ದ ವರ್ಷ ಇನ್ನೂ ಒಂದಿಷ್ಟು."

ಇಷ್ಟು ಹೇಳಿ ಚಾಲಕ ತಲೆ ತಗ್ಗಿಸಿದ. ತನ್ನ ಮಂಡಿಯನ್ನು ತಾನೇ ಮಾರಿಕೊಂಡೆ ಎಂದು ಅವನಿಗೆ ತಿಳಿದಿತ್ತು. ಮಾಲೀಕನ ಮುಖ ನೋಡಲು ಧೈರ್ಯವಾಗಲಿಲ್ಲ.

ಬೆಲೆಗಾರ ಆಗ ಕಾರನ್ನು ಮುಟ್ಟಿದ. ಹಿಂದೆ ಇದ್ದ ಹಲಗೆ ತೆಗೆಸಿ, ಚಾವಣಿ ಏರಿಸುವ ಗುಂಡಿ ಒತ್ತಿದ. ಅದು ನರಳಿಕೊಂಡು ಮೇಲೆ ಬಂತು. ಬಟ್ಟೆಯ ಮಡಿಕೆಗಳಲ್ಲಿ ಹದಿನಾಲ್ಕು ವರ್ಷದ ಅಕ್ಷತೆ ಸಿಕ್ಕಿಕೊಂಡಿತ್ತು. ಅಷ್ಟೂ ಅವನ ತಲೆಯ ಮೇಲೆ ಸುರಿಯಿತು. ಅವನಿಗೆ ಇನ್ನೂ ಮದುವೆಯಾಗಿರಲಿಲ್ಲ ಎಂದು ಕಾಣುತ್ತದೆ, ಒಂದು ಕ್ಷಣ ನಾಚಿಕೊಂಡ. ಆಮೇಲೆ ತಲೆ ಕೊಡವಿಕೊಂಡು ಮಾಲೀಕನ ಕಡೆ ತಿರುಗಿದ.

"ಆರು ಲಕ್ಷ" ಎಂದ.

ಜೀವನದಲ್ಲಿ ಯಾರಿಗೂ ಮೋಸ ಮಾಡದ ಮಾಲೀಕನಿಗೆ ಮೋಸಗಾರ ಎಂದಂತಾಯಿತು.

"ಏನ್ ಸ್ವಾಮಿ ನೀವು? ಮೀಟರ್ ನೋಡಿ. ಇದು ಊರಿನ ಗಡಿ ದಾಟಿಲ್ಲ. ಇಪ್ಪತ್ತರ ಮೇಲೆ ಸ್ಪೀಡ್ ಹೋಗಿಲ್ಲ. ಎಲ್ಲೂ ಹೋಗೇ ಇಲ್ಲ ಇದು."

"ಹೋಗಿಲ್ಲ. ಆದ್ರೆ ನಡೆದಿದೆ" ಎಂದ ಬೆಲೆಗಾರ. "ಹದಿನಾಲ್ಕು ವರ್ಷಕ್ಕೆ ಹತ್ತಿರ ಹತ್ತಿರ ಸಾವಿರ ಮದುವೆ. ಮೂರು ಸಾವಿರ ಗಂಟೆ. ಅಷ್ಟು ಹೊತ್ತು ಗಂಟೆಗೆ ನಲವತ್ತರ ಹಾಗೆ ರಸ್ತೆ ಮೇಲೆ ಓಡಿದ್ರೆ ಒಂದು ಲಕ್ಷ ಇಪ್ಪತ್ತು ಸಾವಿರ ಕಿಲೋಮೀಟರ್ ಆಗ್ತಿತ್ತು. ಅದೂ ಗಾಳಿ ಆಡ್ಕೊಂಡು, ಎಂಜಿನ್ ತಣ್ಣಗಿದ್ಕೊಂಡು. ಇದು ಗಾಳಿ ಇಲ್ದೆ ಬೆಂದಿದೆ. ಮೀಟರ್ ದೂರ ಎಣಿಸುತ್ತೆ ಸ್ವಾಮಿ. ಸವೆಯೋದು ಹೊತ್ತಿಗೆ."

ಮಾಲೀಕ ಬೆರಳು ಮಡಚಿ ಎಣಿಸಿದ. ಅವನು ಲೆಕ್ಕ ಬಲ್ಲವನು. ಲೆಕ್ಕ ಸರಿಯಾಗಿತ್ತು. ಕೊನೆಗೆ ಸಣ್ಣ ದನಿಯಲ್ಲಿ, "ಹಾಗಾದ್ರೆ ನನ್ನ ಆರು ಲಕ್ಷ ಮಣ್ಣುಪಾಲಾಯ್ತು" ಎಂದ.

"ಯಾಕೆ ಮಣ್ಣುಪಾಲಾಗುತ್ತೆ? ಅದನ್ನ ನೀವು ಆಗ್ಲೇ ತಗೊಂಡಿದ್ದೀರಿ. ಒಂದೊಂದು ಮದುವೆಗೆ ಬಾಡಿಗೆ ಅಂತ ಬಂತಲ್ಲ, ಕಾರು ಸವೆದ ಬೆಲೆ ಅದ್ರಲ್ಲಿ ಸೇರಿತ್ತು. ಸಾವಿರ ಸಲ ಚೂರು ಚೂರಾಗಿ ಮಾರಿದ್ದೀರಿ. ಉಳಿದ ಆರನ್ನ ಈಗ ಮಾರ್ತಿದ್ದೀರಿ. ನಿಮಗೆ ನಷ್ಟ ಏನೂ ಆಗಿಲ್ಲ."

ಮರುಳಸಿದ್ಧ, ಈ ಮಾತು ಬರೆದಿಟ್ಟುಕೊಳ್ಳಬೇಕಾದ್ದು. ನಿನ್ನ ವ್ಯಾಪಾರಕ್ಕೆ ಇಷ್ಟೇ ಸಾಕು, ಎದ್ದು ಹೋಗಬಹುದು. ಆದರೆ ಕತೆ ಇನ್ನೂ ಮುಗಿದಿಲ್ಲ.

ಮಾಲೀಕನ ಮುಖ ಸ್ವಲ್ಪ ತಿಳಿಯಾಯಿತು. ಅವನು ನ್ಯಾಯವಾದ ಮನುಷ್ಯ. ಹೌದು, ನಾನು ತಿಂದ ಅನ್ನವನ್ನೇ ಮತ್ತೆ ಬಡಿಸು ಎಂದು ಕೇಳುತ್ತಿದ್ದೆ ಎಂದು ಅವನಿಗೆ ಅನಿಸಿತು. ಚಾಲಕನ ಕಡೆ ತಿರುಗಿದ. "ಆರಾಯ್ತಲ್ಲಪ್ಪ. ಹತ್ತರಲ್ಲೊಂದು ಅಂದ್ರೆ ಅರವತ್ತು ಸಾವಿರ. ನಾನೇನ್ ಮಾಡ್ಲಿ ಹೇಳು" ಎಂದ. ಅವನ ದನಿಯಲ್ಲಿ ಮರುಕವಿತ್ತು. ಚಾಲಕ ತಲೆಯಾಡಿಸಿದ. ಅರವತ್ತು ಸಾವಿರಕ್ಕೆ ಅರ್ಧ ಮಂಡಿ ಮಾಡಿಕೊಡುವ ಡಾಕ್ಟರು ಯಾರೂ ಇಲ್ಲ. ಜೂನ್ ತಿಂಗಳಿಗೆ ಏಳು ವಾರ ಉಳಿದಿತ್ತು.

ಬೆಲೆಗಾರ ಕಾಗದ ತೆಗೆದು ಬರೆಯಲು ಕೂತವನು, ಬರೆಯದೆ ಮಾಲೀಕನನ್ನು ಕೇಳಿದ, "ನೀವು ಯಾವತ್ತಾದ್ರೂ ಇದನ್ನ ಓಡಿಸಿದ್ದೀರಾ?"

"ಇಲ್ಲ. ನಂಗೆ ಮುಂದೆ ಕೆಲ್ಸ ಇರುತ್ತೆ."

"ಒಂದ್ಸಲ ಕೂತ್ಕೊಳ್ಳಿ. ಒಂದೇ ಹಾಡು ಮುಗಿಯೋವರ್ಗೂ."

ಮಾಲೀಕನಿಗೆ ಕಾರು ಓಡಿಸಲು ಬರುತ್ತಿತ್ತು. ಇದರಲ್ಲೇನಿದೆ ಎಂದು ಕೂತ. ಬ್ಯಾಂಡಿನ ಶೆಡ್ಡು ಪಕ್ಕದಲ್ಲೇ ಇತ್ತು. ಅಲ್ಲಿ ಕ್ಲಾರಿಯೊನೆಟ್ಟಿನವನು ಒಂದು ಮದುವೆ ಹಾಡನ್ನು ಅಭ್ಯಾಸ ಮಾಡುತ್ತಿದ್ದ. ಚಾಲಕ ಕಾರಿನ ಮುಂದೆ, ಡ್ರಮ್ಮಿನವನು ನಿಲ್ಲುವಷ್ಟು ದೂರದಲ್ಲಿ, ಒಂದು ಸ್ಟೂಲು ಇಟ್ಟ. ನುಗ್ಗಬಾರದು, ನಿಲ್ಲಬಾರದು, ಎಂಜಿನ್ ಆಫ್ ಆಗಬಾರದು. ಸ್ಟೂಲನ್ನು ಅವನು ಎರಡೆರಡು ಹೆಜ್ಜೆ ಸರಿಸುತ್ತ ಹೋಗುತ್ತಾನೆ, ಕಾರು ಹಿಂದೆ ಬರಬೇಕು.

ಹಾಡಿನ ಪಲ್ಲವಿ ಮುಗಿಯುವವರೆಗೆ ಸರಿಯಾಗಿತ್ತು. ಚರಣಕ್ಕೆ ಬರುವಾಗ ಮಾಲೀಕನ ಎಡ ತೊಡೆ ಬಿಗಿಯಿತು. ಹಾಡು ನಡುವಿಗೆ ಬಂದಾಗ ಕಾಲು ನಡುಗತೊಡಗಿತು. ಅವನು ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದ, ಅದರಿಂದ ಕಾಲಿಗೆ ಏನೂ ಸಹಾಯವಾಗಲಿಲ್ಲ. ಹಣೆಯಲ್ಲಿ ಬೆವರು ಬಂತು. ಎರಡನೆಯ ಚರಣ ಮುಗಿಯುವ ಮೊದಲೇ ಪಾದ ಜಾರಿತು. ಕಾರು ನೆಗೆದು ಸ್ಟೂಲಿಗೆ ಗುದ್ದಿ, ಎಂಜಿನ್ ನಿಂತಿತು.

ಐದು ನಿಮಿಷವೂ ಆಗಿರಲಿಲ್ಲ.

ಮಾಲೀಕ ಹಾಗೆಯೇ ಕೂತಿದ್ದ. ಸ್ಟೂಲಿನ ಕಾಲು ಮುರಿದಿತ್ತು. ಚಾಲಕ ಕುಂಟಿಕೊಂಡು ಬಂದು, ಮಾಲೀಕನಿಗೆ ಇಳಿಯಲು ಕೈ ಕೊಟ್ಟ. ಮಾಲೀಕ ಆ ಕೈ ಹಿಡಿದುಕೊಂಡ. ಇಳಿಯಲಿಲ್ಲ.

"ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ ನೀನು?"

"ಹೇಳಿದ್ನಲ್ಲ ಅಣ್ಣ" ಎಂದ ಚಾಲಕ. ಅದರಲ್ಲಿ ದೂರಿರಲಿಲ್ಲ. "ನೀವು ಮೀಟರ್ ತೋರಿಸಿದ್ರಿ."

ಮಾಲೀಕನ ಕಣ್ಣು ತುಂಬಿತು. ಈ ಭಾಗ ಹೇಳುವಾಗ ನನಗೂ ಕಷ್ಟವಾಗುತ್ತದೆ. ಒಬ್ಬ ಮನುಷ್ಯ ತನ್ನ ಒಳ್ಳೆಯತನದಲ್ಲೇ ಕುರುಡಾಗಿದ್ದೆ ಎಂದು ತಿಳಿಯುವ ಹೊತ್ತು ಬಹಳ ಕೆಟ್ಟದ್ದು. ಕೆಟ್ಟವನಾಗಿದ್ದರೆ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಅವನು ಇಳಿದು ಬಂದು ಬೆಲೆಗಾರನಿಗೆ, "ಕಾರಿಗೆ ಆರು ಅಂತಲೇ ಬರೀರಿ. ಘಟ್ಟ ಹತ್ತೋ ಮುಂಚೆ ಕ್ಲಚ್ ಬದಲಾಯಿಸ್ಲೇಬೇಕು ಅಂತ್ಲೂ ಬರೀರಿ" ಎಂದ. ಬೆಲೆಗಾರ ಬರೆದ. ಹಲ್ಲಿನ ಡಾಕ್ಟರು ಅದೇ ಬೆಲೆಗೆ ಕೊಂಡ. ಕ್ಲಚ್ಚು ಬದಲಾಯಿಸಿ, ಹೆಂಡತಿಯನ್ನು ಕರೆದುಕೊಂಡು ಸಮುದ್ರಕ್ಕೂ ಹೋಗಿ ಬಂದ. ಇಬ್ಬರಿಗೂ ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿತ್ತಂತೆ.

ಬೆಲೆಗಾರ ಹೋದ ಮೇಲೆ ಅಂಗಳದಲ್ಲಿ ಮಾಲೀಕ, ಚಾಲಕ ಇಬ್ಬರೇ ಉಳಿದರು. ಬಾಡಿಗೆಯ ಪ್ರತಿ ರೂಪಾಯಿಯಲ್ಲೂ ಕಾರು ಸವೆದ ಬೆಲೆ ಸೇರಿತ್ತು, ಅದು ಮಾಲೀಕನ ಮನೆಗೆ ಬಂದಿತ್ತು. ಅದೇ ಮೂರು ಸಾವಿರ ಗಂಟೆ ಈ ಕಾಲೂ ಸವೆದಿತ್ತು. ಕಾಲು ಸವೆದ ಬೆಲೆ ಯಾರ ಮನೆಗೆ ಬಂತು? ಅದೂ ತನ್ನ ಮನೆಗೇ ಬಂದಿದೆ ಎಂದು ಮಾಲೀಕನಿಗೆ ಸ್ಪಷ್ಟವಾಗಿ ಕಂಡಿತು. ಸವೆದ ಕಾರಿಗೆ ಬೆಲೆ ಇಳಿಯಿತು ಎಂದು ಸವೆದ ಕಾಲಿಗೂ ಪಾಲು ಇಳಿಸಲು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಹತ್ತರಲ್ಲೊಂದು ಎಂಬ ಮಾತನ್ನು ಅವನು ಅಲ್ಲಿಗೇ ಬಿಟ್ಟ.

ಗುರುಗಳು ಇಷ್ಟು ಹೇಳಿ, ಪಕ್ಕದಲ್ಲಿದ್ದ ಚೊಂಬಿನಿಂದ ನೀರು ಕುಡಿದರು.

ಮರುಳಸಿದ್ಧನಿಗೆ ತಡೆಯಲಾಗಲಿಲ್ಲ. ವ್ಯಾಪಾರದವನ ಬುದ್ಧಿ, ಆಗಲೇ ಮನಸ್ಸಿನಲ್ಲಿ ಕೂಡಿ ಕಳೆಯುತ್ತಿದ್ದ.

"ಆಪರೇಷನ್ ಖರ್ಚು ಒಂದು ಲಕ್ಷ ಇಪ್ಪತ್ತು ಸಾವಿರ ಅಂತೂ ಕೊಡ್ಲೇಬೇಕು" ಎಂದ. "ಅದ್ರ ಮೇಲೆ, ಹದಿನಾಲ್ಕು ವರ್ಷ ಅಂದ್ರೆ, ಇನ್ನೊಂದು ಲಕ್ಷ? ಎರಡು? ಆ ಕಾಲಿಗೆ ಎಷ್ಟು ಕೊಟ್ರೆ ನ್ಯಾಯ ಗುರುಗಳೇ? ನೀವೇ ಹೇಳಿ."

ಗುರುಗಳು ಚೊಂಬನ್ನು ಕೆಳಗಿಟ್ಟರು.

"ಮಾಲೀಕ ಅದನ್ನ ನನ್ನನ್ನ ಕೇಳ್ಲಿಲ್ಲ ಮರುಳಸಿದ್ಧ, ಚಾಲಕನನ್ನೇ ಕೇಳಿದ."